ಶಬ್ದಮೂಲದ ಒಪ್ಪಿಗೆ

ಆ ಮನೆಯ ಯಜಮಾನರು ಗೊರಕೆ ಹೊಡೆಯುತ್ತಿರಲಿಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ಕೆಳಗಿನ ಮನೆಯವರು ಹಾಗೆ ಹೇಳುತ್ತಿರಲಿಲ್ಲ, ಎದುರುಮನೆಯವರೂ ಹೇಳುತ್ತಿರಲಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನೊಬ್ಬ ಬಾಗಿಲಲ್ಲೇ ನಿಂತು, "ಒಳಗೆ ಮೋಟಾರು ರಿಪೇರಿ ನಡೀತಿದೆಯಾ? ಹಾಗಾದ್ರೆ ಆಮೇಲೆ ಬರ್ತೀನಿ" ಎಂದು ಹೋದವನು ಆ ಬೀದಿಗೇ ಮತ್ತೆ ಕಾಲಿಡಲಿಲ್ಲ. ಆದರೆ ಗೊರಕೆಯ ವಿಷಯದಲ್ಲಿ ಕೇಳಿದವರ ಮಾತಿಗೆ ಬೆಲೆ ಕೊಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಹೊಡೆದವರ ಮಾತೇ ಅಂತಿಮ.

ಯಜಮಾನರು, ಅಂದರೆ ಅಪ್ಪ, ದಿನಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುವವರು. ಕೆಲಸವೆಲ್ಲ ರಾತ್ರಿ ಪಾಳಿಯದು. ಊರೆಲ್ಲ ಏಳುವ ಹೊತ್ತಿಗೆ ಮನೆಗೆ ಬಂದು, ಸ್ನಾನ ಮಾಡಿ, ಹೊಟ್ಟೆಗಿಷ್ಟು ಹಾಕಿಕೊಂಡು ಮಲಗಿದರೆ ನಾಲ್ಕು ಗಂಟೆಗೆ ಎದ್ದು ಚಹಾ ಕೇಳುವುದು. ಮದುವೆಯಾದ ಲಾಗಾಯ್ತು ಇದರಲ್ಲಿ ಒಂದು ದಿನವೂ ವ್ಯತ್ಯಾಸವಾಗಿರಲಿಲ್ಲ. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಮದುವೆಯ ಕರೆಯೋಲೆ ಬಂದರೂ ಮೊದಲು ತಿದ್ದಿ, ಆಮೇಲೆ ಯಾರ ಮದುವೆ ಎಂದು ನೋಡುತ್ತಿದ್ದರು. ಕೆಲವೊಮ್ಮೆ ಅದನ್ನೂ ನೋಡುತ್ತಿರಲಿಲ್ಲ, ಯಾಕೆಂದರೆ ಅವರ ವೃತ್ತಿಯ ಮೊದಲ ಪಾಠವೇ ಅರ್ಥಕ್ಕೆ ಕೈ ಹಾಕಬಾರದು ಎಂಬುದು. "ಅರ್ಥ ನೋಡ್ತಾ ಕೂತೋನಿಗೆ ಅಕ್ಷರ ಕಾಣಿಸಲ್ಲ" ಎಂದು ಹೊಸದಾಗಿ ಸೇರಿದವರಿಗೆಲ್ಲ ಉಪದೇಶ ಮಾಡುತ್ತಿದ್ದರು. ಹೀಗಾಗಿ ಊರಿನಲ್ಲಿ ನಡೆದದ್ದೆಲ್ಲ ಅವರ ಕಣ್ಣ ಕೆಳಗೇ ಹಾದುಹೋಗುತ್ತಿದ್ದರೂ, ಯಾವುದೂ ಅವರಿಗೆ ಗೊತ್ತಿರುತ್ತಿರಲಿಲ್ಲ.

ಪ್ರೂಫಿನವರಲ್ಲಿ ಇನ್ನೊಂದು ರೂಢಿ ಇದೆ. ತಪ್ಪೆಂದು ಹೊಡೆದುಹಾಕಿದ ಪದ ಸರಿಯಾಗಿಯೇ ಇತ್ತು ಎಂದು ಆಮೇಲೆ ಗೊತ್ತಾದರೆ, ಅದರ ಅಡಿಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತಾರೆ. ತಪ್ಪು ನನ್ನದು, ಪದವನ್ನು ಅದರ ಪಾಡಿಗೆ ಬಿಡಿ ಎಂದು ಅದರ ತಾತ್ಪರ್ಯ. ಅಪ್ಪ ತಮ್ಮ ಇಡೀ ಸರ್ವೀಸಿನಲ್ಲಿ ಒಮ್ಮೆಯೂ 'ಇರಲಿ' ಬರೆದವರಲ್ಲ. ಇದನ್ನು ಅವರು ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದರು.

ಅವರು ಹೇಳಿಕೊಳ್ಳುತ್ತಿದ್ದ ಇನ್ನೊಂದು ಸಂಗತಿಯೆಂದರೆ ಮನೆಯ ಇಸ್ತ್ರಿ. ಆ ಮನೆಯಲ್ಲಿ ಇಸ್ತ್ರಿಯಾಗದ ವಸ್ತುವೇ ಇರಲಿಲ್ಲ. ಅಂಗಿ, ಪಂಚೆ, ದಿಂಬಿನ ಚೀಲ ಬಿಡಿ, ಕಾಲುಚೀಲಕ್ಕೂ ಇಸ್ತ್ರಿ, ನೆಲ ಒರೆಸುವ ಬಟ್ಟೆಗೂ ಇಸ್ತ್ರಿ, ಶೂ ದಾರಕ್ಕೂ ಇಸ್ತ್ರಿ. ಅಂಗಡಿಯಿಂದ ತಂದ ಕೈಚೀಲ ಕೂಡ ಮರುದಿನ ಬೆಳಗ್ಗೆ ಹೊಸ ನೋಟಿನ ಹಾಗೆ ಗರಿಗರಿಯಾಗಿ ಮಡಚಿಟ್ಟಿರುತ್ತಿತ್ತು. ಎಲ್ಲ ಅಮ್ಮನ ಕೈಕೆಲಸ. "ನಮ್ಮವಳಿಗೆ ಇಸ್ತ್ರಿ ಅಂದ್ರೆ ಪ್ರಾಣ" ಎಂದು ಅಪ್ಪ ಆಫೀಸಿನಲ್ಲಿ ಕಾಲರ್ ಮುಟ್ಟಿ ತೋರಿಸುತ್ತಿದ್ದರು.

ಮಗಳು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಸತತವಾದ ಸದ್ದಿನಿಂದ ನಿದ್ದೆ ಹೇಗೆ ಕೆಡುತ್ತದೆ ಎಂಬುದು ಅವಳ ವಿಷಯ. ವಿಭಾಗದಲ್ಲಿ ನಿದ್ರಾ ಪ್ರಯೋಗಾಲಯ ಎಂಬ ಬೋರ್ಡಿತ್ತು, ಒಳಗೆ ಮಂಚವಿರಲಿಲ್ಲ. ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳಿದ್ದವು, ಅವುಗಳ ಮೇಲೆ ಜವಾನ ಮಧ್ಯಾಹ್ನ ಮಲಗುತ್ತಿದ್ದ, ಅವನ ನಿದ್ದೆಯೇನೋ ಯಾವ ಸದ್ದಿಗೂ ಕೆಡುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಮಗಳು ಪ್ರಯೋಗವನ್ನು ಮನೆಗೇ ತಂದಳು. ಅಮ್ಮನ ಮಣಿಕಟ್ಟಿಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿದಳು. ಎಚ್ಚರವಾದಾಗಲೆಲ್ಲ ಏನು ಮಾಡಿದೆ ಎಂದು ಬರೆದಿಡಲು ಅಮ್ಮನಿಗೊಂದು ನೋಟ್‌ಬುಕ್ ಕೊಟ್ಟಳು. ಮಲಗುವ ಕೋಣೆಯಲ್ಲಿ ಧ್ವನಿಮುದ್ರಕ ಇಟ್ಟಳು. ಬೀದಿಯ ಗಲಾಟೆ ರೆಕಾರ್ಡ್ ಮಾಡುತ್ತಿದ್ದೇನೆ ಎಂದು ಅಪ್ಪನಿಗೆ ಹೇಳಿದಳು. "ಮಾಡು ಮಾಡು. ಆ ಕೆಳಗಿನ ಮನೆಯವರ ಮಿಕ್ಸಿ ಸದ್ದು ಜಗತ್ತಿಗೇ ಗೊತ್ತಾಗಲಿ" ಎಂದು ಅಪ್ಪ ಹರಸಿದರು.

ಹೀಗೆ ಸಿದ್ಧವಾದ ಪ್ರಬಂಧ ಈಗ ಗೈಡ್ ಮೇಡಂ ಅವರ ಮೇಜಿನ ಮೇಲಿತ್ತು. ಜರ್ನಲ್‌ಗೆ ಕಳಿಸಲು ಸೋಮವಾರ ಸಂಜೆ ಕೊನೆ. ಮಗಳಿಗೆ ಅದೇ ಎಲ್ಲದಕ್ಕೂ ಕೊನೆ. ಒಂದಾದರೂ ಪ್ರಬಂಧ ಕಳಿಸಿದ ರಸೀದಿ ತೋರಿಸದಿದ್ದರೆ ನೋಂದಣಿ ರದ್ದು ಎಂದು ಆಡಳಿತ ಕಚೇರಿಯವರು ಬರೆದಿದ್ದರು. ಕೇಳಬಹುದಾದ ಗಡುವುಗಳನ್ನೆಲ್ಲ ಅವಳು ಕೇಳಿ ಮುಗಿಸಿದ್ದಳು. ಇನ್ನೊಂದು ಕೇಳಲು ಹೋದಾಗ ಅಲ್ಲಿನ ಗುಮಾಸ್ತರು ಮಾತಾಡದೆ ಕಿಟಕಿ ಮುಚ್ಚಿಕೊಂಡಿದ್ದರು. ಸೋಮವಾರ ತಪ್ಪಿದರೆ ಇಷ್ಟು ವರ್ಷದ ಓದಿಗೆ ಎಳ್ಳುನೀರು.

ಮೇಡಂ ಅವರದು ಒಂದು ವಿಚಿತ್ರ ಕ್ರಮ. ಯಾವುದೇ ಪ್ರಬಂಧವನ್ನು ಅವರು ಹಿಂದಿನಿಂದ ಓದುತ್ತಿದ್ದರು. ಮೊದಲು ಆಧಾರಗ್ರಂಥಗಳ ಪಟ್ಟಿ, ಅದರಲ್ಲಿನ ಅಲ್ಪವಿರಾಮಗಳು, ಆಮೇಲೆ ಉಪಕರಣಗಳು. ಅಷ್ಟರಲ್ಲಿ ಸುಸ್ತಾಗಿ "ಚೆನ್ನಾಗಿದೆ" ಎಂದುಬಿಡುತ್ತಿದ್ದರು. ಅವರ ಕೈಕೆಳಗೆ ಪದವಿ ಪಡೆದ ಎಷ್ಟೋ ಜನ ಏನು ಕಂಡುಹಿಡಿದರು ಎಂಬುದು ಅವರಿಗೆ ಇವತ್ತಿಗೂ ತಿಳಿಯದು.

ಆ ದಿನ ಅವರು ಉಪಕರಣಗಳ ತನಕ ಬಂದು ನಿಂತರು. "ಧ್ವನಿಮುದ್ರಕ ಒಂದು. ಮಣಿಕಟ್ಟಿನ ಪಟ್ಟಿ ಒಂದು. ದಿಂಬು ಎರಡು. ಶಬ್ದಮೂಲ ಒಂದು. ಇದೇನಮ್ಮ, ಶಬ್ದಮೂಲ ಅಂತ ಬರೆದು ಬಿಟ್ಟುಬಿಟ್ಟಿದ್ದೀಯ? ಜರ್ನಲ್‌ನವರು ಪ್ರತಿ ಉಪಕರಣಕ್ಕೂ ತಯಾರಕರ ಹೆಸರು ಕೇಳ್ತಾರೆ. ಯಾರು ಇದರ ತಯಾರಕರು?"

ಮಗಳು ಪಟ್ಟಿಯ ಮೇಲೆ ಕಣ್ಣಿಟ್ಟೇ ಹೇಳಿದಳು. "ಅಜ್ಜಿ, ಮೇಡಂ."

"ಅದ್ಯಾವ ಕಂಪನಿ?"

"ಕಂಪನಿ ಅಲ್ಲ ಮೇಡಂ. ನಮ್ಮಪ್ಪನ ಅಮ್ಮ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರೆ, ನಿಮ್ಮ ತಂದೆ ಉಪಕರಣನಾ?"

"ಅವರು ಒಂದೇ ಜಾಗದಲ್ಲಿ ಇರ್ತಾರೆ ಮೇಡಂ. ಒಂದೇ ಹೊತ್ತಿಗೆ ಶುರುವಾಗ್ತಾರೆ, ಒಂದೇ ಹೊತ್ತಿಗೆ ನಿಲ್ತಾರೆ. ನಮ್ಮ ವಿಭಾಗದಲ್ಲಿರೋ ಯಾವ ಮೆಷಿನ್ನೂ ಅಷ್ಟು ನಂಬಿಕಸ್ತ ಅಲ್ಲ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ವಿಭಾಗದ ಮೆಷಿನ್ನುಗಳ ಹಣೆಬರಹ ಅವರಿಗೂ ಗೊತ್ತಿದ್ದದ್ದೇ. ಕೊನೆಗೆ ಉಸಿರು ಬಿಟ್ಟು, "ಉಸಿರಾಡೋ ಉಪಕರಣ ಅಂದಮೇಲೆ ಅದರ ಒಪ್ಪಿಗೆ ಪತ್ರ ಬೇಕಮ್ಮ. ಸಹಿ ಹಾಕಿಸಿಕೊಂಡು ಬಾ" ಎಂದರು. "ಅಷ್ಟೇ ತಾನೆ? ತಂದೆ ತಾನೆ?"

ಅಷ್ಟೇ ಅಂತೆ! ಹೇಳುವವರಿಗೇನು. ಮಗಳು ದಾರಿಯುದ್ದಕ್ಕೂ ಅಪ್ಪನಿಗೆ ವಿಷಯ ಹೇಗೆ ಎತ್ತುವುದೆಂದು ನಾನಾ ಬಗೆಯಲ್ಲಿ ಅಭ್ಯಾಸ ಮಾಡಿಕೊಂಡು, ಮನೆ ಸೇರುವಾಗ ಎಲ್ಲ ಮರೆತಿದ್ದಳು. ಅಪ್ಪ ಆಗತಾನೆ ಎದ್ದು ಚಹಾ ಕುಡಿಯುತ್ತಿದ್ದರು. ಪ್ರಬಂಧವನ್ನೂ ಒಪ್ಪಿಗೆ ಪತ್ರವನ್ನೂ ಅವರ ಮುಂದೆ ಇಟ್ಟು, ಅವಳು ಬಾಗಿಲ ಹತ್ತಿರ ನಿಂತುಕೊಂಡಳು. ಅಲ್ಲಿಂದ ಓಡುವುದು ಸುಲಭ.

ಅಪ್ಪ ಒಪ್ಪಿಗೆ ಪತ್ರದ ಮೇಲೂ ಉಪಕರಣಗಳ ಪಟ್ಟಿಯ ಮೇಲೂ ಕಣ್ಣಾಡಿಸಿದರು. ಕಪ್ಪು ಕೆಳಗಿಟ್ಟರು.

"ನನ್ನನ್ನ ಸಾಮಾನಿನ ಲೆಕ್ಕಕ್ಕೆ ಹಾಕಿದ್ದೀಯ."

"ಹಾಗಲ್ಲ ಅಪ್ಪ, ಅದು..."

"ಅದೂ ದಿಂಬಿನ ಕೆಳಗೆ!" ಅಪ್ಪನ ದನಿ ಮೇಲಕ್ಕೇರಿತು. "ಏನೇ, ನೋಡಿದೆಯಾ ನಿನ್ನ ಮಗಳ ವಿದ್ಯೆ? ಮೊದಲು ದಿಂಬು, ಆಮೇಲೆ ನಾನು. ಹೋಗಲಿ ಅಂದ್ರೆ, ನಾನು ಗೊರಕೆ ಹೊಡೀತೀನಂತೆ!"

ಅಮ್ಮ ಅಡುಗೆಮನೆಯಿಂದಲೇ, "ಚಹಾ ಆರ್ತಿದೆ, ಕುಡೀರಿ" ಎಂದಳು. ಅದು ಉತ್ತರವೇನೂ ಆಗಿರಲಿಲ್ಲ.

ಮಗಳು ಬೇಡಿಕೊಂಡಳು. ಸೋಮವಾರದ ಕಥೆ ಹೇಳಿದಳು. ನೋಂದಣಿ ರದ್ದಾಗುತ್ತದೆ ಎಂದಾಗ ಅವಳ ದನಿ ನಡುಗಿತು, ಅದು ನಾಟಕವಾಗಿರಲಿಲ್ಲ. ಅಪ್ಪನ ಮನಸ್ಸು ಕರಗಿತು. ಅವರು ಕೆಟ್ಟವರಲ್ಲ. ಕೋಪ ಮೂಗಿನ ಮೇಲೆ ಇರುತ್ತಿತ್ತು ನಿಜ, ಪಾಪ, ಆ ಮೂಗಿನ ಮೇಲೆ ಮೊದಲೇ ಅಷ್ಟೊಂದು ಭಾರವಿತ್ತು.

"ಸಹಿ ಹಾಕ್ತೀನಿ. ಆದ್ರೆ ಪ್ರೂಫ್ ನೋಡಿ ಹಾಕ್ತೀನಿ" ಎಂದು ಕೆಂಪು ಪೆನ್ನು ತೆಗೆದರು.

ಆಫೀಸಿಗೆ ಹೊರಡುವವರೆಗೆ ಕೂತು ತಿದ್ದಿದರು. ಮರುದಿನ ನಿದ್ದೆಯನ್ನು ಮುಂದೂಡಿ ಮತ್ತೆ ತಿದ್ದಿದರು. 'ಗೊರಕೆ' ಎಂದಿದ್ದಲ್ಲೆಲ್ಲ ಒಂದು ಕೆಂಪು ಗೆರೆ ಎಳೆದು, ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಉಸಿರು' ಎಂದು ಬರೆದರು. "ಗೊರಕೆ ಅನ್ನೋದು ಆರೋಪ. ಉಸಿರು ಅನ್ನೋದು ಸತ್ಯ. ನಾನು ಸತ್ಯಕ್ಕೆ ಸಹಿ ಹಾಕೋನು" ಎಂದು ಹೇಳಿ ಸಹಿ ಹಾಕಿಯೇ ಬಿಟ್ಟರು.

ಮಗಳು ಅಮ್ಮನ ಮುಖ ನೋಡಿದಳು. "ಹೋಗ್ಲಿ ಬಿಡೇ" ಎಂದಳು ಅಮ್ಮ. "ಗೊರಕೆ ಆದ್ರೇನು, ಉಸಿರಾದ್ರೇನು, ಮೂಗು ಅದೇ ತಾನೆ."

ಮಗಳು ತಿದ್ದಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಟೈಪ್ ಮಾಡಿದಳು. ಪ್ರೂಫಿನವರ ಮಗಳಲ್ಲವೇ, ಅವಳೂ ಅರ್ಥಕ್ಕೆ ಕೈ ಹಾಕಲಿಲ್ಲ. ಮೇಡಂ ಹಿಂದಿನಿಂದ ಓದಿ, ಒಂದು ಅಲ್ಪವಿರಾಮ ಸರಿಸಿ, ಚೆನ್ನಾಗಿದೆ ಎಂದರು. ಶನಿವಾರ ಪ್ರಬಂಧ ಹೋಯಿತು. ಮಗಳು ಆ ರಾತ್ರಿ ಹೊಟ್ಟೆ ತುಂಬ ಊಟ ಮಾಡಿದಳು.

ಭಾನುವಾರ ಬೆಳಗ್ಗೆಯೇ ಸಹಾಯಕ ಸಂಪಾದಕರಿಂದ ಉತ್ತರ ಬಂತು. ಮಾನ್ಯರೇ, ತಮ್ಮ ಫಲಿತಾಂಶಗಳು ನಮ್ಮನ್ನು ಬೆಚ್ಚಿಬೀಳಿಸಿವೆ, ಎಂದು ಶುರುವಾಗಿತ್ತು. 'ಶಬ್ದಮೂಲದ ಉಸಿರು ಮಧ್ಯಾಹ್ನದಲ್ಲಿ ಹಲವು ಬಾರಿ ನಿಲ್ಲುತ್ತದೆ' ಎಂದಿದ್ದೀರಿ. 'ಉಸಿರು ಪೂರ್ತಿಯಾಗಿ ನಿಂತ ಮೇಲೆ ಶಬ್ದಮೂಲವು ಎದ್ದು ಕುಳಿತು ಚಹಾ ಕೇಳುತ್ತದೆ' ಎಂದಿದ್ದೀರಿ. 'ಉಸಿರಿಲ್ಲದ ರಾತ್ರಿಗಳಲ್ಲಿ ಶಬ್ದಮೂಲವು ಕೆಲಸಕ್ಕೆ ಹೋಗಿರುತ್ತದೆ' ಎಂದೂ ಇದೆ. ನಮ್ಮ ಪತ್ರಿಕೆ ನಿದ್ದೆಗೆ ಸಂಬಂಧಿಸಿದ್ದು, ಇದು ಅದನ್ನು ಮೀರಿದ ವಿಷಯದಂತೆ ಕಾಣುತ್ತದೆ. ಇಂಥ ವ್ಯಕ್ತಿಯ ಸಹಿ ಒಪ್ಪಿಗೆ ಪತ್ರದಲ್ಲಿ ಹೇಗೆ ಬಂತು? ಇದು ತಿಳಿಯುವ ತನಕ ರಸೀದಿ ಕೊಡಲಾಗದು. ಶಬ್ದಮೂಲವು ಜೀವಂತವಾಗಿದ್ದಲ್ಲಿ ಸರಿಯಾದ ವಿವರಗಳೊಂದಿಗೆ ಹೊಸ ಒಪ್ಪಿಗೆ ಕಳಿಸಿ. ಇಲ್ಲವಾದಲ್ಲಿ ಹತ್ತಿರದ ಸಂಬಂಧಿಕರ ಸಹಿ ಸಾಕು.

ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. ಮೇಡಂಗೆ ಫೋನ್ ಮಾಡಿದರೆ ಅವರು ಎಲ್ಲ ಕೇಳಿಸಿಕೊಂಡು, ಬಹಳ ಪ್ರಾಯೋಗಿಕವಾಗಿ, "ಹತ್ತಿರದ ಸಂಬಂಧಿಕರು ಸಾಕು ಅಂದಿದ್ದಾರಲ್ಲ, ತಾಯಿ ಸಹಿ ಹಾಕಿಸಿಬಿಡು. ತಂದೆ ತೀರಿಕೊಂಡಿದ್ದಾರೆ ಅಂತ ಬರೆದರಾಯ್ತು. ಜರ್ನಲ್ ಮಟ್ಟಿಗೆ ಮಾತ್ರ" ಎಂದರು.

ಫೋನಿನ ಸ್ಪೀಕರ್ ಆನ್ ಆಗಿತ್ತು. ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಧಡ್ ಎಂದು ಇಟ್ಟಳು. "ಬಿಡ್ತು ಅನ್ನು! ಬಿಡ್ತು ಅನ್ನೇ ಮೊದಲು!"

"ಬಿಡ್ತು" ಎಂದಳು ಮಗಳು. ಆ ಕಡೆಯಿಂದ ಮೇಡಂ ಕೂಡ ಗಾಬರಿಯಿಂದ "ಬಿಡ್ತು, ಬಿಡ್ತು" ಎಂದರು.

ಅಪ್ಪ ಮಾತ್ರ ಗಲ್ಲ ಕೆರೆದುಕೊಳ್ಳುತ್ತ ಯೋಚಿಸುತ್ತಿದ್ದರು. "ಕೆಟ್ಟ ಸಲಹೆಯೇನಲ್ಲ. ಗೊರಕೆ ಹೊಡೆಯೋನು ಅನ್ನಿಸಿಕೊಂಡು ಬದುಕೋದಕ್ಕಿಂತ, ಜರ್ನಲ್ಲಿನಲ್ಲಿ ಸತ್ತಿರೋದು ವಾಸಿ. ಅದನ್ನ ಓದೋರು ಯಾರು? ಸಹಿ ಹಾಕೇ."

"ನಾನು ಹಾಕಲ್ಲ."

"ಮಗಳ ಭವಿಷ್ಯ ಕಣೇ."

"ಏನಾದ್ರೂ ಆಗಲಿ, ನಾನು ಹಾಕಲ್ಲ" ಎಂದಳು ಅಮ್ಮ. ಬ್ಯಾಂಕಿನದೋ ಗ್ಯಾಸಿನದೋ, ಯಾವ ಕಾಗದ ಕೊಟ್ಟರೂ ಓದದೆ ಸಹಿ ಹಾಕುತ್ತಿದ್ದ ಹೆಂಗಸು ಅವಳು. ಮಗಳ ಪ್ರಯೋಗದ ಒಪ್ಪಿಗೆ ಪತ್ರಕ್ಕೂ ಹಾಗೆಯೇ ಹಾಕಿದ್ದಳು. ಅವಳ ಬಾಯಲ್ಲಿ ಈ ಮಾತು ಬಂದದ್ದು ಅಪ್ಪನಿಗೂ ಹೊಸದು. ಅವರು ಅವಳ ಕಡೆ ನೋಡಿ, ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಕೊನೆಗೆ ಅಪ್ಪನೇ ಒಂದು ಷರತ್ತು ಹಾಕಿದರು. ನಿಮ್ಮ ಮೇಡಂ ಬರಲಿ, ನಾನು ಅವರೆದುರೇ ಮಲಗುತ್ತೇನೆ, ಅವರು ತಮ್ಮ ಕಿವಿಯಾರೆ ಗೊರಕೆ ಕೇಳಿದರೆ ಕೈಮುಗಿದು ಸಹಿ ಹಾಕುತ್ತೇನೆ, ಕೇಳದಿದ್ದರೆ 'ಉಸಿರು' ಎಂದೇ ಅಚ್ಚಾಗಬೇಕು. ಮಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಅಪ್ಪ ಮಲಗಿ ಗೊರಕೆ ಹೊಡೆಯದೆ ಇರುವುದುಂಟೇ? ಸೂರ್ಯ ಬೇಕಾದರೆ ಒಂದು ದಿನ ರಜೆ ಹಾಕಿಯಾನು.

ಸೋಮವಾರ ಮಧ್ಯಾಹ್ನ ಮೇಡಂ ಬಂದರು. ಪ್ರಯೋಗಕ್ಕೆ ಅನ್ಯಾಯವಾಗಬಾರದು ಎಂದು ಅಪ್ಪ ಬೆಳಗ್ಗೆಯಿಂದ ಮಲಗಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕಾಲುಚೀಲ ತೊಟ್ಟು, ತಲೆ ಬಾಚಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಮಂಚದ ಮೇಲೆ ಕೂತಿದ್ದರು. ಅಮ್ಮ ಮೇಡಂಗೆ ಊಟ ಬಡಿಸಿದಳು, ಬೇಡ ಬೇಡ ಎನ್ನುತ್ತಲೇ ಅವರು ಮತ್ತೊಮ್ಮೆ ಬಡಿಸಿಕೊಂಡರು. ಆಮೇಲೆ ಮಲಗುವ ಕೋಣೆಯಲ್ಲಿ ಮಂಚದ ಪಕ್ಕಕ್ಕೆ ಒಂದು ಒರಗುವ ಕುರ್ಚಿ ಹಾಕಲಾಯಿತು. ಧ್ವನಿಮುದ್ರಕ ಆನ್ ಮಾಡಲಾಯಿತು. ಅಪ್ಪ "ಶುರು ಮಾಡೋಣವೇ?" ಎಂದು ಕೇಳಿ, ಮೇಡಂ "ಮಾಡಿ" ಎಂದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಮಗಳು ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಹೊರಗೆ ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಮಗಳು ಲ್ಯಾಪ್‌ಟಾಪ್ ತೆರೆದು, ಜರ್ನಲ್ಲಿನ ಪುಟವನ್ನು ಸಿದ್ಧ ಮಾಡಿಟ್ಟುಕೊಂಡು, ಕಿವಿಯನ್ನು ಬಾಗಿಲಿಗೆ ಕೊಟ್ಟು ಕೂತಳು. ಗಡಿಯಾರ ಓಡುತ್ತಿತ್ತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಬೇಕಾದಾಗ ಕೈಕೊಡುವುದರಲ್ಲಿ ಅಪ್ಪನೂ ವಿಭಾಗದ ಮೆಷಿನ್ನುಗಳ ಜಾತಿಗೇ ಸೇರಿದರೇ?

ಆಗ ಬಂತು. ಮೊದಲು ಒಂದು ಸಣ್ಣ ಸಿಳ್ಳೆ. ಅದರ ಹಿಂದೆ ಒಂದು ಭಾರಿ ಗರಗರ. ಆಮೇಲೆ ಮರ ಕೊಯ್ಯುವ ಕಾರ್ಖಾನೆಯೇ ಬಾಗಿಲು ತೆರೆಯಿತು. ಕಿಟಕಿಯ ಗಾಜು ಜುಮ್ಮೆಂದಿತು.

"ಬಂತು!" ಮಗಳು ಕೂತಲ್ಲೇ ಕುಣಿದಳು. "ಅಮ್ಮಾ, ಬಂತು! ಗೆದ್ವಿ!"

ಅಮ್ಮ ತಲೆ ಎತ್ತಲಿಲ್ಲ. ನೆಲ ಒರೆಸುವ ಬಟ್ಟೆಯ ಮೂಲೆಯನ್ನು ಒತ್ತುತ್ತ, "ಅದು ನಿಮ್ಮಪ್ಪಂದಲ್ಲ" ಎಂದಳು.

ಮಗಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು. ಅಪ್ಪ, ಕೆದರಿದ ತಲೆ, ಕೆಂಗಣ್ಣು. "ಈ ಗಲಾಟೇಲಿ ಮನುಷ್ಯ ಮಲಗೋದಾದ್ರೂ ಹೇಗ್ರೀ?" ಅವರ ಹಿಂದೆ ಒರಗುವ ಕುರ್ಚಿಯಲ್ಲಿ ಮೇಡಂ ತಲೆ ಒಂದು ಪಕ್ಕಕ್ಕೆ ವಾಲಿತ್ತು, ಬಾಯಿ ತೆರೆದಿತ್ತು, ಕನ್ನಡಕ ಮೂಗಿನ ತುದಿಗೆ ಬಂದು ಪ್ರತಿ ಉಸಿರಿಗೂ ಕುಣಿಯುತ್ತಿತ್ತು.

ಅಪ್ಪನಿಗೆ ಸಿಟ್ಟು ಇಳಿದು ಸಂತೋಷ ಏರಿತು. "ನೋಡಿದ್ರಾ? ಕೇಳಿದ್ರಾ? ಗೊರಕೆ ಅಂದ್ರೆ ಅದು! ನನಗೆ ಕಣ್ಣು ಕೂಡ ಹತ್ತಿಲ್ಲ. ಈ ಮನೇಲಿ ಗೊರಕೆ ಕೇಳಿಸಿತು ಅಂದ್ರೆ ನಾನೇ ಹೊಡೆದೆ ಅಂತ ಅಲ್ಲ, ಅದು ಸಾಬೀತಾಯ್ತು." ಮಗಳಿಗೆ ಅಳು ಬಂತು. ಸಂಜೆಯಾಗುತ್ತಿತ್ತು. ಆಡಳಿತ ಕಚೇರಿಯ ಮುಚ್ಚಿದ ಕಿಟಕಿ ಕಣ್ಣ ಮುಂದೆ ಬಂತು.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಗೆದ್ದ ಹುರುಪಿನಲ್ಲಿ ಮೇಜಿನ ಮೇಲಿದ್ದ ಪ್ರಬಂಧವನ್ನು ಎತ್ತಿಕೊಂಡು, "ಇನ್ನೊಂದು ತಪ್ಪೂ ಹಿಡೀತೀನಿ ನೋಡು" ಎಂದರು. "ಗೊರಕೆ ಇದ್ರೆ ನಿಮ್ಮಮ್ಮನಿಗೆ ನಿದ್ದೆ ಕೆಡತ್ತೆ ಅಂತ ತಾನೆ ನೀನು ಬರೆದಿರೋದು?"

"ಇಲ್ಲ ಅಪ್ಪ." ಮಗಳು ಮೂಗು ಒರೆಸಿಕೊಂಡಳು. "ಉಲ್ಟಾ. ಗೊರಕೆ ಇದ್ದಾಗಲೇ ನಿದ್ದೆ ಬರತ್ತೆ ಅಂತ ಬಂದಿರೋದು. ನೀವು ಅಷ್ಟು ಸಲ ತಿದ್ದಿದ್ರಲ್ಲ."

"ನಾನು ತಿದ್ದಿದೆ. ಓದಿಲ್ಲ" ಎಂದರು ಅಪ್ಪ, ಇವಳಿಗಿಷ್ಟೂ ಗೊತ್ತಿಲ್ಲವೇ ಎಂಬಂತೆ. ಆಮೇಲೆ ಅಮ್ಮನ ಕಡೆ ತಿರುಗಿದರು. "ಹಾಗಾದ್ರೆ ಅದೂ ಸುಳ್ಳು. ಒಳಗೆ ರೈಲು ಓಡ್ತಿದೆ, ನೀನು ಇಲ್ಲಿ ನಿಂತು ಇಸ್ತ್ರಿ ಮಾಡ್ತಿದ್ದೀಯ. ಇದು ನೀನು ಮಲಗೋ ಹೊತ್ತು. ಯಾಕೆ ಮಲಗಿಲ್ಲ?"

"ನಿದ್ದೆ ಬರ್ಲಿಲ್ಲ."

"ಅದೇ ನಾನು ಹೇಳೋದು! ಅಷ್ಟು ಗೊರಕೆ ಇದ್ರೂ ಬರ್ಲಿಲ್ಲ."

"ಅದು ನಿಮ್ಮದಲ್ಲವಲ್ರೀ" ಎಂದಳು ಅಮ್ಮ, ಬಟ್ಟೆಯನ್ನು ಮಗುಚಿ ಹಾಕುತ್ತ.

ಅಪ್ಪ ಕೈಯಲ್ಲಿದ್ದ ಪ್ರಬಂಧವನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಪೆನ್ನು ತೆಗೆಯದೆ, ಬೆರಳಿಟ್ಟುಕೊಂಡು, ಮೊದಲನೇ ತರಗತಿಯ ಮಕ್ಕಳ ಹಾಗೆ ತುಟಿ ಅಲುಗಿಸುತ್ತ ಓದಲು ಶುರುಮಾಡಿದರು. ಮಗಳಿಗೆ ಗಾಬರಿಯಾಯಿತು. ಅಪ್ಪ ಅಕ್ಷರ ಬಿಟ್ಟು ಅರ್ಥ ನೋಡಿದ್ದನ್ನು ಅವಳು ಕಂಡಿರಲಿಲ್ಲ.

"ಶಬ್ದ ನಿಂತ ಕೂಡಲೇ ಭಾಗಿ ಎಚ್ಚರಗೊಳ್ಳುತ್ತಾರೆ" ಎಂದು ಅಪ್ಪ ನಿಧಾನವಾಗಿ ಓದಿದರು. "ಶಬ್ದಮೂಲದ ಮೂಗಿನ ಬಳಿ ಬೆರಳು ಹಿಡಿದು ಕಾಯುತ್ತಾರೆ. ಶಬ್ದ ಮತ್ತೆ ಶುರುವಾದ ಮೇಲೆ ನಿದ್ದೆಗೆ ಮರಳುತ್ತಾರೆ." ಅವರು ತಲೆ ಎತ್ತಿದರು. "ಭಾಗಿ ಅಂದ್ರೆ ಯಾರು?"

"ಅಮ್ಮ."

ಅಪ್ಪ ಪುಟ ತಿರುವಿದರು. "ಶಬ್ದವಿಲ್ಲದ ರಾತ್ರಿಗಳು. ಭಾಗಿಯ ನಿದ್ದೆ, ಇಲ್ಲ. ಇಲ್ಲ. ಇಲ್ಲ. ಇಲ್ಲ." ಆ ಕಾಲಮ್ಮು ಪುಟದ ಕೊನೆಯವರೆಗೂ ಹಾಗೆಯೇ ಇತ್ತು. ಪಕ್ಕದ ಕಾಲಮ್ಮಿನಲ್ಲಿ ಆ ಹೊತ್ತಿನ ಚಟುವಟಿಕೆ ಎಂದಿತ್ತು. ಅಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಪದ: ಇಸ್ತ್ರಿ.

ಈ ಪುಟವನ್ನು ಮಗಳೇ ಟೈಪ್ ಮಾಡಿದ್ದಳು. ಸಾಲುಗಳು ಅಂಚಿಗೆ ಸರಿಯಾಗಿ ಕೂರುತ್ತಿಲ್ಲವೆಂದು ಇಡೀ ಒಂದು ದಿನ ಒದ್ದಾಡಿದ್ದಳು. ಭಾಗಿ ಎಂದು ಬರೆಯುತ್ತ ಬರೆಯುತ್ತ ಅದು ಅಮ್ಮ ಎಂಬುದು ಅವಳಿಗೆ ಮರೆತೇಹೋಗಿತ್ತು. ರಾತ್ರಿ ನೀರು ಕುಡಿಯಲು ಎದ್ದಾಗ ಹಜಾರದಲ್ಲಿ ದೀಪ ಕಂಡರೆ, ಅಮ್ಮನಿಗೆ ಇಸ್ತ್ರಿ ಅಂದರೆ ಪ್ರಾಣ ಎಂದುಕೊಂಡು ಹೋಗಿ ಮಲಗುತ್ತಿದ್ದಳು. ಈಗ ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು.

"ಏನೇ ಇದು?" ಅಪ್ಪನ ದನಿ ಸಣ್ಣದಾಗಿತ್ತು. "ನೀನು ರಾತ್ರಿ ಮಲಗಲ್ವಾ?"

"ಮಲಗ್ತೀನಿ ರೀ. ನಿದ್ದೆ ಬರಲ್ಲ, ಎದ್ದುಬಿಡ್ತೀನಿ."

"ಎಷ್ಟು ವರ್ಷದಿಂದ?"

"ಅದೇನು ಲೆಕ್ಕ ಇಟ್ಟಿದ್ದೀನಾ." ಅಮ್ಮನಿಗೆ ಈ ವಿಚಾರಣೆಯೇ ಮುಜುಗರ. "ಹೊಸದ್ರಲ್ಲಿ ನಿಮ್ಮ ಸದ್ದಿಗೆ ನಿದ್ದೆ ಬರ್ತಿರಲಿಲ್ಲ. ಆಮೇಲೆ ಸದ್ದಿಲ್ದೆ ಬರ್ತಿರಲಿಲ್ಲ. ಸದ್ದಿದ್ರೆ ಇದ್ದೀರಿ ಅಂತ ಗೊತ್ತಾಗತ್ತೆ. ರಾತ್ರಿ ನೀವು ಎಲ್ಲೋ ಇರ್ತೀರಿ, ಹೇಗಿದ್ದೀರೋ ಏನೋ. ಸುಮ್ನೆ ಹೊರಳಾಡೋ ಬದಲು ಒಂದು ಕೆಲಸವಾದ್ರೂ ಆಗ್ಲಿ ಅಂತ."

ಅಪ್ಪ ತಮ್ಮ ಕಾಲರನ್ನು ಮುಟ್ಟಿ ನೋಡಿಕೊಂಡರು. ತೋಳು ನೋಡಿಕೊಂಡರು. ಕಾಲು ಚಾಚಿ, ಇಸ್ತ್ರಿಯಾದ ಕಾಲುಚೀಲವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಮುಚ್ಚಿಡಲು ಹೋಗಲಿಲ್ಲ, ಅಂಗಿಯ ತೋಳಿನಲ್ಲೇ ಒರೆಸಿಕೊಂಡರು.

"ಆ ಹಳೇ ಪ್ರತಿ ಕೊಡು" ಎಂದರು ಮಗಳಿಗೆ.

ಮಗಳು ಕೊಟ್ಟಳು. ಅಪ್ಪ ತಿದ್ದಿದ್ದ ಮೊದಲ ಪ್ರತಿ ಅದು, ಪುಟಪುಟವೂ ಕೆಂಪು. ಅವರು ಪೆನ್ನು ತೆಗೆದು, ತಾವೇ ಹೊಡೆದುಹಾಕಿದ್ದ ಮೊದಲನೇ 'ಗೊರಕೆ'ಯ ಅಡಿಗೆ ಒಂದೊಂದಾಗಿ ಚುಕ್ಕಿ ಇಟ್ಟರು. ಅಂಚಿನಲ್ಲಿ ಏನೋ ಬರೆದರು. ಮುಂದಿನ 'ಗೊರಕೆ'ಗೆ ಹೋದರು. ಮಗಳು ಬಗ್ಗಿ ನೋಡಿದಳು. ಇರಲಿ. ಇರಲಿ. ಇರಲಿ. ಅಪ್ಪ ಮುಗಿಸಿದ ಪುಟಗಳನ್ನು ಅವಳು ಪಕ್ಕದಲ್ಲೇ ಕೂತು ಟೈಪ್ ಮಾಡುತ್ತ ಹೋದಳು. ಒಪ್ಪಿಗೆ ಪತ್ರದಲ್ಲಿ 'ನಾನು ಗೊರಕೆ ಹೊಡೆಯುತ್ತೇನೆ' ಎಂಬ ಸಾಲಿನ ಕೆಳಗೆ ಅಪ್ಪ ಸಹಿ ಹಾಕಿದರು, ಸಾಲಿನಲ್ಲಿ ಒಂದು ಅಕ್ಷರವನ್ನೂ ತಿದ್ದಲಿಲ್ಲ.

"ನನ್ನನ್ನ ಆ ಸಾಮಾನಿನ ಲೆಕ್ಕದಿಂದ ತೆಗಿ" ಎಂದರು. "ನಿಮ್ಮಮ್ಮನ ಪಕ್ಕ ಹಾಕು. ಸಾಮಾನಿಗೆ ಇಸ್ತ್ರಿ ಪೆಟ್ಟಿಗೆ ಸೇರಿಸು. ಅದರ ತಯಾರಕರ ಹೆಸರು ತಳದಲ್ಲಿ ಇರತ್ತೆ, ನೋಡಿ ಬರಿ."

ಅಷ್ಟರಲ್ಲಿ ಒಳಗೆ ಕಾರ್ಖಾನೆ ನಿಂತಿತು. ಮೇಡಂ ಕನ್ನಡಕ ಸರಿಮಾಡಿಕೊಳ್ಳುತ್ತ ಗಂಭೀರವಾಗಿ ಹೊರಗೆ ಬಂದರು. "ನಾನು ಪೂರ್ತಿ ಗಮನಿಸಿದೆ. ನಿಮ್ಮ ತಂದೆ ಗೊರಕೆ ಹೊಡೆದದ್ದು ನಿಜ" ಎಂದರು. "ಕಣ್ಣು ಮುಚ್ಚಿಕೊಂಡು ಕೇಳಿಸ್ಕೊಂಡೆ, ಸೂಕ್ಷ್ಮಗಳು ಹಾಗೇ ಗೊತ್ತಾಗೋದು."

ಮಗಳು ಧ್ವನಿಮುದ್ರಕದ ಕಡೆ ನೋಡಿದಳು. ಅಪ್ಪ ಎದ್ದು ಹೋಗಿ ತಾವೇ ಅದನ್ನು ಆಫ್ ಮಾಡಿದರು. "ಹೌದು ಮೇಡಂ, ನಾನೇ" ಎಂದರು. "ನಿಮಗೆ ತೊಂದರೆ ಆಗಿದ್ರೆ ಕ್ಷಮಿಸಿ."

ಪ್ರಬಂಧ ಹೋದಾಗ ಹೊರಗೆ ಇನ್ನೂ ಬೆಳಕಿತ್ತು. ರಸೀದಿ ಬಂತು. ಮಗಳು ಅದನ್ನು ಒಮ್ಮೆ ಓದಿ, ನಂಬಿಕೆ ಬಾರದೆ ಮತ್ತೊಮ್ಮೆ ಓದಿ, ಅಮ್ಮನನ್ನು ತಬ್ಬಿಕೊಂಡಳು. ಅಮ್ಮನಿಗೆ ಏನಾಯಿತೆಂದು ಪೂರ್ತಿ ಗೊತ್ತಾಗಲಿಲ್ಲ, ಆದರೂ ಬೆನ್ನು ತಟ್ಟಿದಳು. ಮೇಡಂ ಒಂದು ಲೋಟ ಚಹಾ ಕುಡಿದು, ಆಧಾರಗ್ರಂಥಗಳ ಪಟ್ಟಿ ಚೆನ್ನಾಗಿ ಬಂದಿದೆ ಎಂದು ಇನ್ನೊಮ್ಮೆ ಹೇಳಿ ಹೊರಟರು.

ಅಪ್ಪ ಆಫೀಸಿಗೆ ಹೊರಡುವ ಹೊತ್ತಾಯಿತು. ಅಮ್ಮ ಬುತ್ತಿ ಕಟ್ಟಿ ತಂದು ಬಾಗಿಲ ಬಳಿ ಇಟ್ಟಳು. ಅಪ್ಪ ಶೂ ಹಾಕಿಕೊಳ್ಳಲಿಲ್ಲ. ಫೋನ್ ತೆಗೆದುಕೊಂಡು ಆಫೀಸಿಗೆ ಮಾಡಿದರು.

"ನಾನು ಇವತ್ತು ಬರಲ್ಲ" ಎಂದರು. ಆ ಕಡೆಯವರು ಗಾಬರಿಯಾಗಿ ಏನೇನೋ ಕೇಳುತ್ತಿದ್ದುದು ಹಜಾರಕ್ಕೂ ಕೇಳಿಸಿತು. "ಇಲ್ಲಪ್ಪ, ಆರೋಗ್ಯವಾಗಿದ್ದೀನಿ. ಉಸಿರಾಡ್ತಿದ್ದೀನಿ. ರಾತ್ರಿ ಮನೇಲಿ ಕೆಲಸ ಇದೆ." ಮತ್ತೆ ಏನೋ ಕೇಳಿದರು. ಅಪ್ಪ ಗಂಟಲು ಸರಿಪಡಿಸಿಕೊಂಡರು.

"ಗೊರಕೆ ಹೊಡೀಬೇಕು" ಎಂದರು.

ಅಮ್ಮ ಇಸ್ತ್ರಿ ಪೆಟ್ಟಿಗೆಯ ವೈರನ್ನು ಸುತ್ತಿ, ಅದನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದಳು.